ಮಕ್ಕಳಿಗೆ ಹೊಸ ಕೆಲಸ ಕಲಿಸುವುದು ಹೇಗೆ? ವರ್ತನಾ ವಿಧಾನದ ಮೂಲ ಪಾಠಗಳು

ಬಾವಲಿ: ಹಲ್ಲುಜ್ಜುವುದು, ಚಡ್ಡಿ ಹಾಕಿಕೊಳ್ಳುವುದು, ಕೈ ತೊಳೆದು ಊಟಕ್ಕೆ ಕೂರುವುದು, ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು. ಹೆಚ್ಚಿನ ಮಕ್ಕಳು ಇವನ್ನೆಲ್ಲ ಯಾರೂ ಕೂರಿಸಿ ಹೇಳಿಕೊಡದಿದ್ದರೂ ಮನೆಯವರನ್ನು ನೋಡಿಯೇ ಕಲಿತುಬಿಡುತ್ತಾರೆ. ಕೆಲವು ಮಕ್ಕಳಿಗೆ ನೋಡಿದ್ದಷ್ಟೇ ಸಾಕಾಗುವುದಿಲ್ಲ. ಬುದ್ಧಿ ಬೆಳವಣಿಗೆ ನಿಧಾನವಾಗಿರುವ, ಆಟಿಸಂ ಇರುವ ಅಥವಾ ಮಾತು ತಡವಾಗಿರುವ ಮಕ್ಕಳಿಗೆ ಒಂದೊಂದು ಕೆಲಸವನ್ನೂ ಬಿಡಿಸಿ ಕಲಿಸಬೇಕಾಗುತ್ತದೆ. ಹಾಗೆ ಕಲಿಸಲು ಒಂದು ಕ್ರಮವಿದೆ. ಅದಕ್ಕೆ ವರ್ತನಾ ವಿಧಾನ ಎಂದು ಹೆಸರು.

ವಯನಾಡು ಜಿಲ್ಲೆಯ ತಿರುನೆಲ್ಲಿ ಗ್ರಾಮ ಪಂಚಾಯತಿಗೆ ಸೇರಿದ ಬಾವಲಿಯಂತಹ ಗಡಿ ಊರಿಗೆ ಈ ವಿಷಯ ಇನ್ನಷ್ಟು ಮುಖ್ಯ. ಹೊಳೆ ದಾಟಿದರೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕು, ನಾಗರಹೊಳೆಯ ಕಾಡು. ಮೈಸೂರಿಗೆ ಹೋಗುವ ಕಾಡಿನ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ. ಮಗುವನ್ನು ಎತ್ತಿಕೊಂಡು ಮೈಸೂರಿನ ತಜ್ಞರನ್ನು ಕಾಣಲು ಹೋದವರು ಕತ್ತಲಾಗುವ ಮೊದಲೇ ಗೇಟು ದಾಟಬೇಕು. ಕೂಲಿ ಬಿಟ್ಟು ವಾರ ವಾರ ಹೋಗುವುದು ಎಷ್ಟು ಜನರಿಗೆ ಸಾಧ್ಯ? ಹಾಗಾಗಿ ಮಗು ಕಲಿಯಬೇಕಾದ್ದು ಬಹುಪಾಲು ಮನೆಯಲ್ಲೇ, ಅಮ್ಮನ, ಅಜ್ಜಿಯ, ಅಕ್ಕನ ಕೈಯಲ್ಲೇ ಆಗಬೇಕು. ಅವರಿಗೆ ತಿಳಿದಿರಬೇಕಾದ ಮೂಲ ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ವಿಧಾನ ಬಂದ ದಾರಿ

ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ನಡೆಸಿದರು. ಬಾಗಿಲು ತೆರೆಯುವ ಉಪಾಯ ಅಕಸ್ಮಾತ್ತಾಗಿ ಸಿಕ್ಕಿ ಹೊರಗಿನ ಆಹಾರ ದೊರೆತ ಬೆಕ್ಕು, ಮುಂದಿನ ಸಲಗಳಲ್ಲಿ ಕ್ರಮೇಣ ಬೇಗ ಬೇಗ ಹೊರಬಂತು. ಒಳ್ಳೆಯ ಫಲ ಸಿಕ್ಕ ಕೆಲಸವನ್ನು ಪ್ರಾಣಿ ಮತ್ತೆ ಮಾಡುತ್ತದೆ ಎಂಬುದು ಅವರ ತೀರ್ಮಾನ. ಬಿ.ಎಫ್. ಸ್ಕಿನ್ನರ್ 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತರಿಸಿದರು. ಮುಂದಿನ ದಶಕಗಳಲ್ಲಿ ಈ ತತ್ವಗಳು ಮಕ್ಕಳ ಶಿಕ್ಷಣಕ್ಕೆ ಬಂದವು.

ನಮ್ಮ ದೇಶದಲ್ಲಿ ಇದನ್ನು ವಿಶೇಷ ಶಾಲೆಗಳಿಗೆ ತಲುಪಿಸಿದ ಕೆಲಸದಲ್ಲಿ 1984ರಲ್ಲಿ ಸಿಕಂದರಾಬಾದಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆಯ ಪಾಲು ದೊಡ್ಡದು. ಆಗ ಅದರ ಹೆಸರಿನಲ್ಲಿ ಬುದ್ಧಿಮಾಂದ್ಯ ಎಂಬ ಮಾತಿತ್ತು. ಈಗ ಅದು ಬೌದ್ಧಿಕ ಅಂಗವಿಕಲರ ಸಬಲೀಕರಣದ ರಾಷ್ಟ್ರೀಯ ಸಂಸ್ಥೆ. ಅಲ್ಲಿನ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ಶಿಕ್ಷಕರಿಗಾಗಿ ವರ್ತನಾ ವಿಧಾನದ ಕೈಪಿಡಿಯನ್ನೂ, ಭಾರತದ ಮಕ್ಕಳಿಗೆ ಹೊಂದುವ ಒಂದು ಅಳತೆಪಟ್ಟಿಯನ್ನೂ ತಂದರು. ವೆಂಕಟೇಶನ್ ಮುಂದೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಅಂದರೆ ಈ ವಿದ್ಯೆ ನಮಗೆ ಪರದೇಶದ್ದಾಗಿ ಉಳಿದಿಲ್ಲ.

ಮುಂಚೆ ಏನಾಯಿತು, ಆಮೇಲೆ ಏನಾಯಿತು?

ಮಗು ಮಾಡುವ ಯಾವುದೇ ಕೆಲಸದ ಹಿಂದೆ ಮುಂದೆ ಎರಡು ಸಂಗತಿಗಳಿರುತ್ತವೆ. ಕೆಲಸಕ್ಕೆ ಮುಂಚೆ ನಡೆದದ್ದು ಒಂದು, ಕೆಲಸ ಆದ ಕೂಡಲೇ ನಡೆದದ್ದು ಇನ್ನೊಂದು. "ಲೋಟ ಕೊಡು" ಎಂದು ಅಮ್ಮ ಹೇಳಿದರು. ಮಗು ಲೋಟ ಕೊಟ್ಟಿತು. ಅಮ್ಮ ನಕ್ಕು ಬೆನ್ನು ತಟ್ಟಿ ಅದೇ ಲೋಟದಲ್ಲಿ ಹಾಲು ಕೊಟ್ಟರು. ನಾಳೆ ಕೇಳಿದಾಗಲೂ ಮಗು ಲೋಟ ಕೊಡುವ ಸಂಭವ ಹೆಚ್ಚು.

ಕಲಿಸುವವರ ಕೈಯಲ್ಲಿರುವುದು ಈ ಹಿಂದಿನದು ಮತ್ತು ಮುಂದಿನದು ಮಾತ್ರ. ಹೇಗೆ ಕೇಳುತ್ತೇವೆ, ಎಷ್ಟು ಸಹಾಯ ಕೊಡುತ್ತೇವೆ, ಮಾಡಿದ ಮೇಲೆ ಏನು ಕೊಡುತ್ತೇವೆ ಎಂಬುದನ್ನು ಬದಲಿಸಿದರೆ ಮಗುವಿನ ಕೆಲಸವೂ ಬದಲಾಗುತ್ತದೆ. "ಇವನಿಗೆ ಬುದ್ಧಿಯಿಲ್ಲ", "ಇವಳು ಸೋಮಾರಿ" ಎಂಬ ಮಾತುಗಳಿಂದ ಕಲಿಸುವವರಿಗೆ ಏನೂ ದಾರಿ ಕಾಣುವುದಿಲ್ಲ. "ಅಂಗಿಯ ಮೂರನೇ ಗುಂಡಿ ಹಾಕಲು ಬರುವುದಿಲ್ಲ" ಎಂದರೆ ನಾಳೆ ಏನು ಕಲಿಸಬೇಕು ಎಂಬುದು ಗೊತ್ತಾಗುತ್ತದೆ.

ಮೊದಲು ನೋಡಿ, ನಂತರ ಗುರಿ ಆರಿಸಿ

ಮೇಲೆ ಹೇಳಿದ 1992ರ ಅಳತೆಪಟ್ಟಿಯ ಮೊದಲ ಭಾಗದಲ್ಲಿ 280 ಕೌಶಲಗಳಿವೆ. ಓಡಾಟ, ದಿನನಿತ್ಯದ ಕೆಲಸ, ಭಾಷೆ, ಓದು ಬರಹ, ಲೆಕ್ಕ ಮತ್ತು ಸಮಯ, ಮನೆ ಮತ್ತು ಸಮಾಜದ ನಡವಳಿಕೆ, ಉದ್ಯೋಗ ಪೂರ್ವ ತಯಾರಿ ಮತ್ತು ಹಣ ಎಂದು ಏಳು ವಿಭಾಗ, ಒಂದೊಂದರಲ್ಲೂ 40. ಪ್ರತಿ ಕೌಶಲಕ್ಕೂ ಅಂಕ ಕೊಡುವ ರೀತಿ ಗಮನಾರ್ಹವಾಗಿದೆ. ಬರುತ್ತದೆ, ಬರುವುದಿಲ್ಲ ಎಂಬ ಎರಡೇ ಉತ್ತರಕ್ಕೆ ಅದು ನಿಲ್ಲುವುದಿಲ್ಲ. ಮಗು ತಾನಾಗಿ ಮಾಡಿದರೆ 5, ಸಣ್ಣ ಸುಳಿವು ಕೊಟ್ಟಾಗ ಮಾಡಿದರೆ 4, ಬಾಯಿಮಾತಿನಲ್ಲಿ ಹೇಳಿಕೊಡಬೇಕಾದರೆ 3, ಕೈ ಹಿಡಿದು ಮಾಡಿಸಬೇಕಾದರೆ 2, ಪೂರ್ತಿ ಬೇರೆಯವರೇ ಮಾಡಬೇಕಾದರೆ 1.

ಪೂರ್ತಿ ಪಟ್ಟಿಯನ್ನು ಬಳಸಲು ತರಬೇತಿ ಪಡೆದವರು ಬೇಕು. ಆದರೆ ಈ ಐದು ಮೆಟ್ಟಿಲುಗಳ ಕಲ್ಪನೆಯನ್ನು ಮನೆಯವರೂ ಬಳಸಬಹುದು. ಕೈ ಹಿಡಿದು ಮಾಡಿಸಬೇಕಿದ್ದ ಮಗು ಬಾಯಿಮಾತಿಗೆ ಮಾಡುವಂತಾದರೆ ಅದು ಪ್ರಗತಿ. ಹೊರಗಿನವರಿಗೆ ಕಾಣದಿದ್ದರೂ ಅಮ್ಮನಿಗೆ ಕಾಣಬೇಕು.

ಗುರಿ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಮಗುವಿಗೆ ದಿನವೂ ಬೇಕಾದ ಕೆಲಸವೇ? ಈಗ ಬರುವ ಕೆಲಸಕ್ಕಿಂತ ಒಂದು ಮೆಟ್ಟಿಲು ಮಾತ್ರ ಮೇಲಿದೆಯೇ? ಆಯಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುತ್ತದೆಯೇ? "ಶುಚಿಯಾಗಿರಬೇಕು" ಎಂಬುದನ್ನು ಗುರಿ ಮಾಡಿಕೊಂಡರೆ ಅಳೆಯಲು ಆಗುವುದಿಲ್ಲ. "ಊಟಕ್ಕೆ ಮುಂಚೆ ಹೇಳಿದ ಕೂಡಲೇ ಎರಡೂ ಕೈಗೆ ಸೋಪು ಹಚ್ಚಿ ತೊಳೆಯಬೇಕು" ಎಂದರೆ ಅಳೆಯಬಹುದು. ಏಕಕಾಲಕ್ಕೆ ಎರಡು ಮೂರು ಗುರಿ ಸಾಕು.

ಕೆಲಸವನ್ನು ಬಿಡಿಸುವುದು

ನಮಗೆ ಒಂದೇ ಕೆಲಸವಾಗಿ ಕಾಣುವುದು ಮಗುವಿಗೆ ಹತ್ತು ಕೆಲಸ. ಕೈ ತೊಳೆಯುವುದನ್ನೇ ನೋಡಿ.

1. ಅಂಗಿಯ ತೋಳು ಮೇಲೆ ಸರಿಸುವುದು
2. ನಲ್ಲಿ ತಿರುಗಿಸುವುದು ಅಥವಾ ಚೊಂಬಿನಲ್ಲಿ ನೀರು ತೆಗೆದುಕೊಳ್ಳುವುದು
3. ಕೈ ಒದ್ದೆ ಮಾಡುವುದು
4. ಸೋಪು ತೆಗೆದು ಅಂಗೈಗೆ ಉಜ್ಜುವುದು
5. ಸೋಪನ್ನು ಡಬ್ಬಿಯಲ್ಲಿ ಇಡುವುದು
6. ಅಂಗೈ, ಹಿಂಗೈ, ಬೆರಳ ಸಂದು ತಿಕ್ಕುವುದು
7. ನೀರಿನಲ್ಲಿ ನೊರೆ ಹೋಗುವ ತನಕ ತೊಳೆಯುವುದು
8. ನಲ್ಲಿ ನಿಲ್ಲಿಸುವುದು ಅಥವಾ ಚೊಂಬು ಇಡುವುದು
9. ಟವೆಲಿನಲ್ಲಿ ಒರೆಸಿಕೊಳ್ಳುವುದು

ಇದಕ್ಕೆ ಕಾರ್ಯ ವಿಶ್ಲೇಷಣೆ ಎನ್ನುತ್ತಾರೆ. ಪಟ್ಟಿ ಬರೆಯುವ ಮುಂಚೆ ನೀವೇ ಒಮ್ಮೆ ಕೆಲಸವನ್ನು ನಿಧಾನವಾಗಿ ಮಾಡಿ ನೋಡುವುದು ಒಳ್ಳೆಯದು. ನಂತರ ಮಗು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ಒಂಬತ್ತರಲ್ಲಿ ಏಳು ಹಂತ ಬರುತ್ತಿದ್ದರೆ ಕಲಿಸಬೇಕಾದ್ದು ಎರಡೇ.

ಕೊನೆಯಿಂದ ಕಲಿಸುವ ಉಪಾಯ

ಬಿಡಿಸಿದ ಹಂತಗಳನ್ನು ಸರಪಳಿಯ ಕೊಂಡಿಗಳಂತೆ ಜೋಡಿಸಬೇಕು. ಮೊದಲ ಹಂತದಿಂದ ಶುರುಮಾಡಿ ಮುಂದೆ ಹೋಗುವುದು ಒಂದು ರೀತಿ. ಕೊನೆಯ ಹಂತದಿಂದ ಹಿಂದಕ್ಕೆ ಬರುವುದು ಇನ್ನೊಂದು. ಬಟ್ಟೆ ಹಾಕಿಕೊಳ್ಳುವುದನ್ನು ಕಲಿಸುವಾಗ ಈ ಎರಡನೆಯದು ಬಹಳ ಉಪಯುಕ್ತ.

ಎಲಾಸ್ಟಿಕ್ ಚಡ್ಡಿಯ ಉದಾಹರಣೆ ತೆಗೆದುಕೊಳ್ಳೋಣ. ಎರಡೂ ಕಾಲು ತೂರಿಸಿ, ಮೊಣಕಾಲು ದಾಟಿಸಿ, ಸೊಂಟದ ಹತ್ತಿರದ ತನಕ ನೀವೇ ಎಳೆಯಿರಿ. ಕೊನೆಯ ನಾಲ್ಕು ಬೆರಳಷ್ಟನ್ನು ಮಗು ಎಳೆಯಲಿ. "ಚಡ್ಡಿ ಹಾಕಿಕೊಂಡೆಯಲ್ಲಾ, ಜಾಣ" ಎಂದು ಹೊಗಳಿ. ಅದು ಸಲೀಸಾದ ಮೇಲೆ ತೊಡೆಯಿಂದ, ನಂತರ ಮೊಣಕಾಲಿನಿಂದ, ಆಮೇಲೆ ಪಾದದಿಂದ. ಪ್ರತಿ ಸಲವೂ ಕೆಲಸ ಮುಗಿಸಿದ್ದು ಮಗುವೇ ಆದ್ದರಿಂದ ಗೆದ್ದ ಖುಷಿ ಅದಕ್ಕೇ ಸಿಗುತ್ತದೆ.

ಸಹಾಯ ಕೊಡುವುದು, ಸಹಾಯ ಹಿಂತೆಗೆಯುವುದು

ವರ್ತನಾ ವಿಧಾನದಲ್ಲಿ ಮನೆಯವರು ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿಯೇ. ಬೆಳಗ್ಗೆ ಕೆಲಸಕ್ಕೆ ಹೊರಡುವ ಅವಸರ. ಶುಂಠಿ ಗದ್ದೆಗೋ ಕಾಫಿ ತೋಟಕ್ಕೋ ಜೀಪು ಬಂದು ನಿಂತಿರುತ್ತದೆ. ಮಗು ಅಂಗಿ ಹಾಕಿಕೊಳ್ಳುವ ತನಕ ಕಾಯುವಷ್ಟು ಸಮಯ ಯಾರಿಗಿದೆ? ಅಮ್ಮನೇ ಹಾಕಿಬಿಡುತ್ತಾರೆ. ಹಾಗೆ ಹತ್ತು ವರ್ಷ ಕಳೆದರೆ ಹದಿನೈದರ ಹುಡುಗನಿಗೂ ಅಮ್ಮನೇ ಅಂಗಿ ಹಾಕಬೇಕು. ಪ್ರೀತಿಯಿಂದಲೇ ಮಾಡಿದ ಕೆಲಸ, ಆದರೆ ಕಲಿಯುವ ಅವಕಾಶ ಅಲ್ಲಿ ಹೋಯಿತು.

ಸಹಾಯದಲ್ಲಿ ಮೆಟ್ಟಿಲುಗಳಿವೆ. ಕೈ ಮೇಲೆ ಕೈ ಇಟ್ಟು ಮಾಡಿಸುವುದು ಅತಿ ಹೆಚ್ಚಿನ ಸಹಾಯ. ಮಗುವಿನ ಬೆನ್ನ ಹಿಂದೆ ಕುಳಿತು ಮಾಡಿಸಿದರೆ ಅದರ ಕೈ ಚಲಿಸುವ ದಿಕ್ಕು ಸರಿಯಾಗಿರುತ್ತದೆ. ದಿನ ಕಳೆದಂತೆ ನಿಮ್ಮ ಹಿಡಿತ ಅಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ, ಆಮೇಲೆ ಭುಜಕ್ಕೆ ಸರಿಯಲಿ. ನಂತರ ಮುಟ್ಟದೆ ಮಾಡಿ ತೋರಿಸಿ. ಅದಾದ ಮೇಲೆ ಬಾಯಿಮಾತು, ಆಮೇಲೆ ಬೆರಳಿನ ಸನ್ನೆ. ಕೊನೆಗೆ ಏನೂ ಬೇಡ.

ಸೂಚನೆ ಕೊಟ್ಟ ಮೇಲೆ ಮನಸ್ಸಿನಲ್ಲೇ ಐದರ ತನಕ ಎಣಿಸಿ. ಕೆಲವು ಮಕ್ಕಳಿಗೆ ಕೇಳಿಸಿಕೊಂಡ ಮಾತು ಕೈಗೆ ಬರಲು ಅಷ್ಟು ಹೊತ್ತು ಬೇಕು. "ತಗೋ, ತಗೋ, ತಗೋ ಅಂತಿಲ್ವಾ" ಎಂದು ಒಂದೇ ಮಾತನ್ನು ಹತ್ತು ಸಲ ಹೇಳಿದರೆ, ಹತ್ತನೆಯ ಸಲ ತೆಗೆದುಕೊಂಡರೆ ಸಾಕು ಎಂಬ ಪಾಠವನ್ನೇ ಮಗು ಕಲಿಯುತ್ತದೆ. ಬಲವಂತವಾಗಿ ಕೈ ಎಳೆಯುವುದಂತೂ ಬೇಡ. ಮಗು ಕೊಸರಿದರೆ ಬಿಟ್ಟು, ಸುಲಭದ ಹಂತಕ್ಕೆ ಬನ್ನಿ.

ಬಹುಮಾನ ಯಾವುದು, ಯಾವಾಗ?

ಕೆಲಸದ ಬೆನ್ನಿಗೆ ಬಂದು, ಆ ಕೆಲಸ ಮತ್ತೆ ಆಗುವಂತೆ ಮಾಡುವ ಯಾವುದೇ ಸಂಗತಿಗೂ ಪುನರ್ಬಲನ ಎಂದು ಮನಶ್ಶಾಸ್ತ್ರದ ಹೆಸರು. ತಿಂಡಿ, ಆಟಿಕೆ, ಹೊಗಳಿಕೆ, ಹೆಗಲ ಮೇಲೆ ಕೂರಿಸಿಕೊಂಡು ಒಂದು ಸುತ್ತು, ಹೊಳೆಗೆ ಕಲ್ಲು ಎಸೆಯಲು ಬಿಡುವುದು, ಏನೂ ಆಗಬಹುದು. ಯಾವುದು ಎಂಬುದನ್ನು ನಿರ್ಧರಿಸುವುದು ಮಗು. ಅಣ್ಣನಿಗೆ ಇಷ್ಟವಾದ ಲಾಡು ತಂಗಿಗೆ ಬೇಡವಾಗಿರಬಹುದು. ಮಗುವನ್ನು ಅದರ ಪಾಡಿಗೆ ಬಿಟ್ಟಾಗ ಏನನ್ನು ಹುಡುಕಿಕೊಂಡು ಹೋಗುತ್ತದೆ ಎಂದು ನೋಡಿದರೆ ಉತ್ತರ ಸಿಗುತ್ತದೆ.

ನೆನಪಿಡಬೇಕಾದ ಕೆಲವು ಅಂಶಗಳು:

* ಕೆಲಸ ಆದ ಕೂಡಲೇ ಕೊಡಿ. ಬೆಳಗ್ಗೆ ಮಾಡಿದ್ದಕ್ಕೆ ಸಂಜೆ ಚಾಕಲೇಟು ಕೊಟ್ಟರೆ ಎರಡಕ್ಕೂ ಇರುವ ನಂಟು ಸಣ್ಣ ಮಗುವಿಗೆ ಗೊತ್ತಾಗುವುದಿಲ್ಲ.
* ತಿಂಡಿಯಾದರೆ ಚಿಟಿಕೆಯಷ್ಟು ಸಾಕು. ಹೊಟ್ಟೆ ತುಂಬಿದರೆ ಬಹುಮಾನ ಬಹುಮಾನವಾಗಿ ಉಳಿಯುವುದಿಲ್ಲ. ಆದರೆ ಮಗುವಿನ ಊಟವನ್ನು ತಡೆಹಿಡಿದು ಕಲಿಸಬಾರದು.
* ತಿಂಡಿಯ ಜೊತೆ ಯಾವಾಗಲೂ ನಗು ಮತ್ತು ಮಾತು ಇರಲಿ. ಮುಂದೆ ತಿಂಡಿ ನಿಲ್ಲಿಸಿದರೂ ಮಾತು ಸಾಕಾಗುತ್ತದೆ.
* "ಜಾಣ" ಎಂದಷ್ಟೇ ಹೇಳದೆ ಯಾವುದಕ್ಕೆ ಜಾಣ ಎಂದೂ ಹೇಳಿ. "ತಟ್ಟೆ ತೊಳೆದಿಟ್ಟೆ, ಜಾಣೆ."
* ಹೊಸತನ್ನು ಕಲಿಯುವಾಗ ಪ್ರತಿ ಸಲವೂ ಕೊಡಿ. ಕಲಿತ ಮೇಲೆ ಆಗೀಗ ಕೊಡಿ. ಆಗ ಅಭ್ಯಾಸ ಗಟ್ಟಿಯಾಗಿ ನಿಲ್ಲುತ್ತದೆ.

ಇದು ಲಂಚವಲ್ಲವೇ ಎಂದು ಕೇಳುವವರಿದ್ದಾರೆ. ಅಳುವ ಮಗುವಿನ ಬಾಯಿ ಮುಚ್ಚಿಸಲು ಮುಂಚಿತವಾಗಿ ಕೊಟ್ಟರೆ ಅದು ಲಂಚ. ದುಡಿದ ಮೇಲೆ ಸಿಗುವುದನ್ನು ದೊಡ್ಡವರು ಕೂಲಿ ಎನ್ನುತ್ತಾರೆ, ಮಕ್ಕಳ ವಿಷಯದಲ್ಲೂ ಹಾಗೆಯೇ ತಿಳಿಯಬಹುದು.

ಹತ್ತಿರ ಹತ್ತಿರ ಬಂದರೂ ಒಪ್ಪಿಕೊಳ್ಳಿ

ಪೂರ್ತಿ ಸರಿ ಮಾಡುವ ತನಕ ಕಾದರೆ ಕೆಲವು ಮಕ್ಕಳಿಗೆ ಎಂದೂ ಬಹುಮಾನ ಸಿಗುವುದಿಲ್ಲ. "ನೀರು" ಎಂದು ಹೇಳಲು ಬಾರದ ಮಗು ಮೊದಲು ಚೊಂಬಿನ ಕಡೆ ನೋಡಿದರೂ ಸಾಕು, ನೀರು ಕೊಡಿ. ಕೆಲವು ದಿನಗಳ ನಂತರ ಕೈ ತೋರಿಸಿದಾಗ ಕೊಡಿ. ಆಮೇಲೆ ಬಾಯಲ್ಲಿ ಏನಾದರೂ ಸದ್ದು ಬಂದಾಗ. ಮುಂದೆ "ನೀ" ಎಂದಾಗ. ಹೀಗೆ ಗುರಿಯ ಕಡೆಗೆ ಒಂದೊಂದೇ ಹೆಜ್ಜೆ ಸರಿಸುವುದಕ್ಕೆ ರೂಪಿಸುವಿಕೆ ಎನ್ನುತ್ತಾರೆ. ಬಾಯಾರಿದ ಮಗುವಿಗೆ ನೀರು ತಡಮಾಡುವುದು ಒಂದೆರಡು ಕ್ಷಣ ಮಾತ್ರ. ಮಾತು ಬಾರದಿದ್ದರೆ ಸನ್ನೆಯೂ ಚಿತ್ರದ ಕಾರ್ಡೂ ಮಾತೇ.

ಹಠ, ಕಿರುಚಾಟ ಬಂದಾಗ

ಅಂಗಡಿಯ ಮುಂದೆ ಮಗು ಬಿಸ್ಕತ್ತಿಗಾಗಿ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ನಾಲ್ಕು ಜನ ನೋಡುತ್ತಾರೆ. ನಾಚಿಕೆಗೆ ಅಪ್ಪ ಬಿಸ್ಕತ್ತು ಕೊಡಿಸುತ್ತಾರೆ. ಹೊರಳಾಡಿದರೆ ಬಿಸ್ಕತ್ತು ಸಿಗುತ್ತದೆ ಎಂದು ಮಗು ಅಂದು ಕಲಿಯಿತು. ಕಲಿಸಿದ್ದು ನಾವೇ, ಗೊತ್ತಿಲ್ಲದೆ.

ಹಠದ ಹಿಂದೆ ಸಾಮಾನ್ಯವಾಗಿ ನಾಲ್ಕು ಕಾರಣ ಹುಡುಕುತ್ತಾರೆ. ಏನೋ ವಸ್ತು ಬೇಕು, ಯಾರಾದರೂ ತನ್ನ ಕಡೆ ನೋಡಬೇಕು, ಕಷ್ಟದ ಕೆಲಸದಿಂದ ತಪ್ಪಿಸಿಕೊಳ್ಳಬೇಕು, ಇಲ್ಲವೇ ಆ ಚಲನೆಯೋ ಸದ್ದೋ ತನಗೇ ಹಿತವಾಗಿದೆ. ಕಿವಿನೋವು, ಹಲ್ಲುನೋವು, ಹಸಿವು ಇದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಮಾತು ಬಾರದ ಮಗು ನೋವನ್ನೂ ಹಠದಂತೆಯೇ ತೋರಿಸುತ್ತದೆ.

ಕಾರಣ ತಿಳಿದರೆ ಅದೇ ಫಲವನ್ನು ಒಳ್ಳೆಯ ದಾರಿಯಲ್ಲಿ ಪಡೆಯುವುದನ್ನು ಕಲಿಸಬಹುದು. ಬಿಸ್ಕತ್ತು ಬೇಕಾದರೆ ಕೈ ಚಾಚಿ ಕೇಳುವುದು, ಕೆಲಸ ಸಾಕಾದರೆ "ಸಾಕು" ಎಂದು ಕೈ ಆಡಿಸುವುದು. ಇದರ ಜೊತೆಗೆ ಹೊರಳಾಟಕ್ಕೆ ಏನೂ ಸಿಗದಂತೆ ನೋಡಿಕೊಳ್ಳಬೇಕು. ಹಾಗೆ ಮಾಡಿದ ಮೊದಲ ದಿನಗಳಲ್ಲಿ ಹಠ ಇನ್ನೂ ಜೋರಾಗುವುದುಂಟು. ಆಗ ಸೋತು ಕೊಟ್ಟುಬಿಟ್ಟರೆ ಇನ್ನೂ ಜೋರಾಗಿ ಅಳಬೇಕು ಎಂಬ ಪಾಠವಾಗುತ್ತದೆ. ಮನೆಯಲ್ಲಿ ಅಜ್ಜ ಒಂದು ರೀತಿ, ಅಮ್ಮ ಒಂದು ರೀತಿ ಮಾಡಿದರೆ ಫಲವಿಲ್ಲ. ತಲೆ ಚಚ್ಚಿಕೊಳ್ಳುವ, ಕೈ ಕಚ್ಚಿಕೊಳ್ಳುವ ಮಗುವಿನ ವಿಷಯದಲ್ಲಿ ಮಾತ್ರ ಮನೆಯಲ್ಲೇ ಪ್ರಯೋಗ ಮಾಡದೆ ತಜ್ಞರ ಬಳಿ ಹೋಗಬೇಕು.

ಹೊಡೆಯುವುದು ಯಾವ ಹೊಸ ಕೆಲಸವನ್ನೂ ಕಲಿಸುವುದಿಲ್ಲ. ಪೆಟ್ಟು ತಿಂದ ಮಗುವಿಗೆ ಏನು ಮಾಡಬಾರದು ಎಂಬುದು ಗೊತ್ತಾಗಬಹುದು, ಏನು ಮಾಡಬೇಕು ಎಂಬುದು ಗೊತ್ತಾಗುವುದಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ.

ಗಡಿಯ ಮಗು, ಎರಡು ಮೂರು ಮಾತು

ಬಾವಲಿಯ ಸುತ್ತಮುತ್ತ ಒಂದೇ ದಾರಿಯಲ್ಲಿ ಕನ್ನಡ, ಮಲಯಾಳ, ಕಾಟ್ಟುನಾಯ್ಕರ ಮಾತು, ಅಡಿಯರ ಮಾತು, ಪಣಿಯರ ಮಾತು ಕೇಳಿಬರುತ್ತವೆ. ಮನೆಯಲ್ಲಿ "ಬಾ", ಶಾಲೆಯಲ್ಲಿ "ವಾ". ಸಾಮಾನ್ಯ ಮಗುವಿಗೆ ಇದು ಸಂಪತ್ತು. ಕಲಿಕೆ ನಿಧಾನವಿರುವ ಮಗುವೂ ಎರಡು ಭಾಷೆ ಕಲಿಯಬಲ್ಲದು. ಆದ್ದರಿಂದ ಮನೆಮಾತು ಬಿಡಬೇಕಿಲ್ಲ. ಆದರೆ ಹೊಸ ಕೆಲಸ ಕಲಿಸುವ ಮೊದಲ ದಿನಗಳಲ್ಲಿ ಆ ಕೆಲಸಕ್ಕೆ ಒಂದೇ ಮಾತು, ಅದೂ ಮನೆಮಾತು, ಇರಲಿ. ಗಟ್ಟಿಯಾದ ಮೇಲೆ ಶಾಲೆಯ ಮಾತನ್ನೂ ಸೇರಿಸಿ. ಶಿಕ್ಷಕರಿಗೆ ಮನೆಯ ಆ ಮಾತನ್ನು ತಿಳಿಸಿ. ಬುಡಕಟ್ಟು ಮಕ್ಕಳಿಗೆ ಅವರ ಮಾತು ಬಲ್ಲವರನ್ನೇ ತರಗತಿಗೆ ತರಲು ವಯನಾಡಿನಲ್ಲಿ 2017ರಲ್ಲಿ ಗೋತ್ರಬಂಧು ಯೋಜನೆ ಶುರುವಾದದ್ದೂ ಇದೇ ಕಾರಣಕ್ಕೆ.

ಒಂದು ಜಾಗದಲ್ಲಿ ಕಲಿತದ್ದು ಇನ್ನೊಂದು ಜಾಗದಲ್ಲಿ ತಾನಾಗಿ ಬರುವುದಿಲ್ಲ ಎಂಬುದನ್ನೂ ಮರೆಯಬಾರದು. ಮನೆಯ ಬಕೆಟ್ಟಿನಲ್ಲಿ ಕೈ ತೊಳೆಯುವ ಮಗು ಶಾಲೆಯ ನಲ್ಲಿಯ ಮುಂದೆ ಸುಮ್ಮನೆ ನಿಲ್ಲಬಹುದು. ಜಾಗ, ಜನ, ಸಾಮಾನು ಬದಲಿಸಿ ಬದಲಿಸಿ ಅಭ್ಯಾಸ ಮಾಡಿಸಬೇಕು.

ಈ ಊರಿಗೆ ವಿಶೇಷವಾಗಿ ಬೇಕಾದ ಒಂದು ಕೌಶಲವಿದೆ. "ನಿಲ್ಲು" ಎಂದರೆ ನಿಲ್ಲುವುದು. ಮುಂದೆ ಲಾರಿಗಳು ಓಡುವ ರಸ್ತೆ, ಹಿಂದೆ ಆನೆ ಬರುವ ಕಾಡು. ಇದನ್ನು ಅಂಗಳದಲ್ಲಿ ಆಟವಾಗಿ ಕಲಿಸಬಹುದು. ಕೈ ಹಿಡಿದು ಓಡಿ, "ನಿಲ್ಲು" ಎಂದು ಒಟ್ಟಿಗೆ ನಿಂತು, ನಿಂತ ಕೂಡಲೇ ಎತ್ತಿ ಆಡಿಸಿ. ನಂತರ ಕೈ ಬಿಟ್ಟು, ಆಮೇಲೆ ನಾಲ್ಕು ಹೆಜ್ಜೆ ದೂರದಿಂದ, ಮುಂದೆ ಅಂಗಳದ ಆಚೆ ತುದಿಯಿಂದ ಹೇಳಿ ನೋಡಿ. ಕಲಿತ ಮೇಲೂ ಮಗುವಿನ ಮೇಲೆ ಕಣ್ಣಿಡುವುದನ್ನು ಬಿಡಬಾರದು.

ಮಿತಿಗಳು

ಅಮೆರಿಕದ ಐವರ್ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಈ ವಿಧಾನಕ್ಕೆ ದೊಡ್ಡ ಹೆಸರು ಬಂತು. ವಾರಕ್ಕೆ 40 ಗಂಟೆ ಪಾಠ ಪಡೆದ 19 ಆಟಿಸಂ ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಒಂದನೇ ತರಗತಿ ಮುಗಿಸಿದರು ಎಂದು ಅದು ಹೇಳಿತು. ಮಕ್ಕಳ ಸಂಖ್ಯೆ ಸಣ್ಣದು, ಗುಂಪುಗಳನ್ನು ಚೀಟಿ ಎತ್ತಿದಂತೆ ಹಂಚಿರಲಿಲ್ಲ, ಗದರಿಕೆ ಮತ್ತು ತೊಡೆಗೆ ಪೆಟ್ಟು ಕೂಡ ಬಳಕೆಯಲ್ಲಿದ್ದವು ಎಂಬ ಟೀಕೆಗಳೂ ಬಂದವು. ಆಟಿಸಂ ಇರುವ ವಯಸ್ಕರು ಈಗ ತಮ್ಮ ಬಾಲ್ಯದ ಅನುಭವ ಹೇಳುತ್ತಾ, ಕೈ ಆಡಿಸುವಂತಹ ನಿರುಪದ್ರವಿ ಅಭ್ಯಾಸಗಳನ್ನು ಬಿಡಿಸಲು ಹಿಂಸೆಪಟ್ಟದ್ದನ್ನು ನೆನೆಯುತ್ತಾರೆ. ಅವರ ಮಾತಿಗೆ ಬೆಲೆಯಿದೆ. ಮಗುವಿಗೆ ಉಪಯೋಗವಾಗುವುದನ್ನು ಕಲಿಸಬೇಕು. ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಮಗುವನ್ನು ತಿದ್ದಬೇಕಿಲ್ಲ. ಈ ವಿಧಾನ ರೋಗಕ್ಕೆ ಔಷಧವೂ ಅಲ್ಲ.

ಸಹಾಯ ಎಲ್ಲಿ?

ಕೇರಳದಲ್ಲಿ ಪಂಚಾಯತಿಗಳು ಕುಟುಂಬಶ್ರೀ ನೆರವಿನಿಂದ ಬೌದ್ಧಿಕ ಅಂಗವಿಕಲ ಮಕ್ಕಳಿಗಾಗಿ ಬಡ್ಸ್ ಶಾಲೆಗಳನ್ನು ನಡೆಸುತ್ತವೆ. ಮೊದಲನೆಯದು 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಙಾನೂರಿನಲ್ಲಿ ತೆರೆಯಿತು. ಕನ್ನಡಿಗರಿರುವ ಕಾಸರಗೋಡಿನ ಎಂಡೋಸಲ್ಫಾನ್ ಪೀಡಿತ ಪಂಚಾಯತಿಗಳಲ್ಲೂ ಇವು ಇವೆ. ಶಾಲೆ, ಅಂಗನವಾಡಿ ಮಕ್ಕಳ ತಪಾಸಣೆಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ತೊಂದರೆ ಕಂಡ ಮಕ್ಕಳನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ. ಮಾತು, ಶ್ರವಣದ ತಪಾಸಣೆಗೆ 1965ರಲ್ಲಿ ಆರಂಭವಾದ ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಶೇ. 40 ಮತ್ತು ಅದಕ್ಕಿಂತ ಹೆಚ್ಚಿನ ನ್ಯೂನತೆ ಇರುವ ಮಕ್ಕಳಿಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣದ ಹಕ್ಕಿದೆ. ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ದೇಶವಿಡೀ ನಡೆಯುವುದರಿಂದ ಗಡಿಯ ಕುಟುಂಬಗಳು ಅದನ್ನು ತಪ್ಪದೆ ಮಾಡಿಸಿಕೊಳ್ಳಬೇಕು.

ಶುರುಮಾಡಲು ದುಡ್ಡು ಬೇಕಾಗಿಲ್ಲ. ಹಳೆಯ ನೋಟುಬುಕ್ಕಿನ ಒಂದು ಹಾಳೆ ಸಾಕು. ಒಂದು ಕೆಲಸ ಆರಿಸಿ, ಹಂತಗಳನ್ನು ಬರೆದು, ದಿನಕ್ಕೆರಡು ಸಲ ಹತ್ತು ಹತ್ತು ನಿಮಿಷ ಕುಳಿತು, ಯಾವ ಹಂತಕ್ಕೆ ಎಷ್ಟು ಸಹಾಯ ಬೇಕಾಯಿತು ಎಂದು ಗುರುತು ಹಾಕುತ್ತಾ ಹೋಗಿ. ಎರಡು ವಾರವಾದರೂ ಗುರುತು ಬದಲಾಗದಿದ್ದರೆ ದೋಷ ಮಗುವಿನದೆಂದು ತಿಳಿಯಬೇಡಿ. ಹಂತ ದೊಡ್ಡದಾಗಿರಬಹುದು ಅಥವಾ ಬಹುಮಾನ ಅದಕ್ಕೆ ಬೇಡವಾಗಿರಬಹುದು. ಅದನ್ನು ಬದಲಿಸಿ ನೋಡಿ. "ನಾವಿಲ್ಲದ ಕಾಲಕ್ಕೆ ಇವನ ಗತಿಯೇನು" ಎಂಬ ಚಿಂತೆ ಇಂತಹ ಮಗುವಿರುವ ಎಲ್ಲ ಮನೆಗಳಲ್ಲೂ ಇದೆ. ತಾನೇ ಕೈ ತೊಳೆದು, ತಾನೇ ಬಡಿಸಿಕೊಂಡು ಉಣ್ಣಬಲ್ಲ ಮಗುವಿನ ಮನೆಯಲ್ಲಿ ಆ ಚಿಂತೆ ಒಂದಿಷ್ಟಾದರೂ ಹಗುರಾಗುತ್ತದೆ.